ಲೂರ್ದಿನ ಬೆಟ್ಟದ ಮೇಲೆ ಸುರಿದ ಮಳೆ



ಲೂರ್ದು ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಗವಿ, ಬುಗ್ಗೆಯ ನೀರು, ಮೇಣದಬತ್ತಿಗಳ ಮೆರವಣಿಗೆ ಮತ್ತು 1858ರಲ್ಲಿ ಸೌದೆ ಆಯಲು ಹೋದ ಬೆರ್ನಾದೆತ್. ಫೆಬ್ರವರಿ 11ರಂದು ನಮ್ಮ ಧರ್ಮಕೇಂದ್ರದಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಭಾಷೆಗಳಲ್ಲಿ ಜಪಸರ ನಡೆಯುತ್ತದೆ. ಈ ಸಲ ಜಪಸರ ಮುಗಿದು, ಹೊರಗೆ ಚಳಿಯಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಾಗ ನಮ್ಮ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದು, "ಇದೂ ಲೂರ್ದೇ, ನೋಡಿ" ಎಂದ. ನೋಡಿದರೆ ಸೈಕಲ್ ಓಟ! ಬೆಟ್ಟದ ತುದಿಯಿಂದ ಬಂಡೆ, ಬೇರು, ಕೆಸರುಗಳ ಮೇಲೆ ಒಬ್ಬ ಸವಾರ ಜಾರುತ್ತಾ, ಎದ್ದು ಬೀಳುತ್ತಾ ಇಳಿಯುತ್ತಿದ್ದ. ಮಳೆ ಧೋ ಎಂದು ಸುರಿಯುತ್ತಿತ್ತು. ಆ ಹುಡುಗನ ವಿಷಯ ಆಮೇಲೆ ಹೇಳುತ್ತೇವೆ. ಮೊದಲು ಆ ಮಳೆಯ ವಿಷಯ.

ಲೂರ್ದಿನ ಪಕ್ಕದಲ್ಲೇ ಪಿಕ್ ದು ಝೇರ್ ಎಂಬ ಬೆಟ್ಟವಿದೆ. 1900ರಿಂದಲೂ ಅದರ ಮೇಲಕ್ಕೆ ಹಳಿಯ ಮೇಲೆ ಎಳೆಯುವ ಬಂಡಿ ಓಡುತ್ತಿದೆ. ಯಾತ್ರಿಕರು ಅದರಲ್ಲಿ ಹತ್ತಿ ಊರನ್ನೂ ಪಿರೆನೀಸ್ ಪರ್ವತಗಳನ್ನೂ ನೋಡಿ ಬರುತ್ತಾರೆ. ಅದೇ ಬೆಟ್ಟದಲ್ಲಿ 2015, 2016, 2017ರಲ್ಲಿ ಡೌನ್‌ಹಿಲ್ ಮೌಂಟನ್ ಬೈಕ್ ವಿಶ್ವಕಪ್ಪಿನ ಮೊದಲ ಸುತ್ತು ನಡೆಯಿತು. ಈ ಆಟದಲ್ಲಿ ಸವಾರರು ಗುಂಪಾಗಿ ಓಡುವುದಿಲ್ಲ. ಒಬ್ಬೊಬ್ಬರೇ ಮೇಲಿನಿಂದ ಹೊರಟು, ಗಡಿಯಾರದ ಜೊತೆ ಸ್ಪರ್ಧೆ ಮಾಡುತ್ತಾ ಕೆಳಗೆ ಬರುತ್ತಾರೆ. ಮೂರರಿಂದ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಘಟ್ಟದ ತಿರುವುಗಳಲ್ಲಿ ಮಳೆಗಾಲದಲ್ಲಿ ಸೈಕಲ್ ಇಳಿಸಿದ ನಮ್ಮವರಿಗೆ ಬ್ರೇಕ್ ಹಿಡಿದರೂ ಚಕ್ರ ನಿಲ್ಲದ ಆ ಒಂದು ಕ್ಷಣ ಗೊತ್ತಿದ್ದೀತು. ಇವರ ಓಟದಲ್ಲಿ ಮೊದಲಿನಿಂದ ಕೊನೆಯವರೆಗೆ ಅದೇ ಕ್ಷಣ. ನಮಗಿರುವ ಡಾಂಬರು ರಸ್ತೆಯೂ ಅವರಿಗಿಲ್ಲ.

2017ರ ಋತುವಿನಲ್ಲಿ ಇಂಥ ಏಳು ಸುತ್ತುಗಳಿದ್ದವು. ಲೂರ್ದಿನಿಂದ ಹೊರಟು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ, ಆಸ್ಟ್ರಿಯದ ಲಿಯೋಗಾಂಗ್, ಅಂದೋರಾದ ವಾಲ್‌ನೋರ್ಡ್, ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆ, ಕೆನಡಾದ ಮೋಂ-ಸೇಂತ್-ಆನ್, ಕೊನೆಗೆ ಇಟಲಿಯ ವಾಲ್ ದಿ ಸೋಲೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಊರೂರು ಅಲೆದಾಟ. ಓಟಕ್ಕೆ ಮೊದಲು ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿಕೊಂಡು, ಯಾವ ಕಲ್ಲಿನ ಎಡಕ್ಕೆ ಹೋಗಬೇಕು, ಯಾವುದರ ಬಲಕ್ಕೆ ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಏಳು ಅಂತಿಮ ಓಟಗಳನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. ಒಂದು ವರ್ಷದ ದುಡಿಮೆಗೆ ಬೆಲೆ ಕಟ್ಟುವುದು ಆ ಅರ್ಧ ಗಂಟೆ.

ಮೊದಲು ಅರ್ಹತಾ ಓಟ. ಅದರಲ್ಲಿ ವೇಗವಾಗಿ ಬಂದವರಿಗೆ ಅಂತಿಮ ಓಟದಲ್ಲಿ ಕೊನೆಗೆ ಹೊರಡುವ ಗೌರವ. ನಿಧಾನವಾಗಿ ಬಂದವರು ಮೊದಲು ಹೊರಡಬೇಕು. ನೋಡುವವರಿಗೆ ಕುತೂಹಲ ಉಳಿಯಲಿ ಎಂದು ಮಾಡಿದ ನಿಯಮ, ಎಲ್ಲರೂ ಒಪ್ಪಿಕೊಂಡದ್ದು. 2017ರ ಏಪ್ರಿಲ್ 30ರಂದು ಲೂರ್ದಿನಲ್ಲಿ ಈ ನಿಯಮ ತಲೆಕೆಳಗಾಯಿತು. ಮಹಿಳೆಯರ ಓಟ ಮುಗಿದಿತ್ತು, ಅದನ್ನು ಬ್ರಿಟನ್ನಿನ ರೇಚಲ್ ಆಥರ್ಟನ್ ಗೆದ್ದಿದ್ದರು. ಪುರುಷರಲ್ಲಿ ಮೊದಲು ಹೊರಟವರಿಗೆ ದಾರಿ ಒಣಗಿತ್ತು. ಕೊನೆಯ ಪಾಳಿಯವರು, ಅಂದರೆ ಅತ್ಯುತ್ತಮರೆಂದು ಹಿಂದಿನ ದಿನ ತೋರಿಸಿಕೊಟ್ಟವರು, ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಕಲ್ಲೆಲ್ಲ ಸಾಬೂನು ಹಚ್ಚಿದಂತೆ ಜಾರತೊಡಗಿತು. ಮೊದಲೇ ಇಳಿದಿದ್ದ ಫ್ರಾನ್ಸಿನ ಅಲೆಕ್ಸಾಂದ್ರ್ ಫಾಯೋಲ್ ಕೆಳಗೆ ಕುಳಿತು ನೋಡುತ್ತಲೇ ಇದ್ದರು. ಅವರ ಸಮಯವನ್ನು ಯಾರೂ ಮುರಿಯಲಿಲ್ಲ. ಅದು ಅವರ ಮೊದಲ ವಿಶ್ವಕಪ್ ಗೆಲುವು. ಹಿಂದಿನ ಎರಡು ವರ್ಷಗಳ ಚಾಂಪಿಯನ್, ಅಮೆರಿಕದ ಆರನ್ ಗ್ವಿನ್, ಪಟ್ಟಿಯಲ್ಲಿ ಬಹಳ ಕೆಳಗೆ ಹೋಗಿಬಿಟ್ಟರು.

ಕಾಫಿ ಲೋಟ ಹಿಡಿದು ನಿಂತಿದ್ದ ನಮ್ಮಲ್ಲಿ ಒಬ್ಬರು, "ಅಯ್ಯೋ, ಅನ್ಯಾಯ" ಎಂದರು. ಮಾತು ಶುರುವಾದದ್ದು ಅಲ್ಲಿಂದ.

ಅನ್ಯಾಯ ಎಂದಮೇಲೆ ಅದನ್ನು ಮಾಡಿದವರು ಒಬ್ಬರಿರಬೇಕಲ್ಲ? ಇಲ್ಲಿ ಯಾರಿದ್ದಾರೆ? ನಿಯಮ ಮಾಡಿದವರು ಮೋಸ ಮಾಡಲಿಲ್ಲ. ಸಮಯ ನೋಡಿದವರು ತಪ್ಪಲಿಲ್ಲ. ಫಾಯೋಲ್ ಯಾರ ಕೈಯಿಂದಲೂ ಕಿತ್ತುಕೊಳ್ಳಲಿಲ್ಲ. ಒಣ ದಾರಿ ಸಿಕ್ಕಿದ್ದು ಅವರೊಬ್ಬರಿಗೇ ಅಲ್ಲ, ಇನ್ನೂ ಎಷ್ಟೋ ಜನರಿಗೆ ಸಿಕ್ಕಿತ್ತು, ಅವರನ್ನೆಲ್ಲ ಹಿಂದೆ ಹಾಕಿಯೇ ಅವರು ಗೆದ್ದದ್ದು. ಆದ್ದರಿಂದ ಆ ಗೆಲುವು ಅವರದೇ, ಅದರಲ್ಲಿ ಒಂದು ಕಾಸಿನಷ್ಟೂ ಸಾಲವಿಲ್ಲ. ಆದರೂ ಕೆಳಗೆ ಬಿದ್ದವರ ಹೊಟ್ಟೆಯುರಿ ಸುಳ್ಳಲ್ಲ. ಬೈಯಲು ಯಾರೂ ಸಿಗದ ನಷ್ಟವನ್ನು ಹೊತ್ತುಕೊಳ್ಳುವುದು ಕಷ್ಟ. ಅದಕ್ಕೇ ನಾವು ಬೈಯಲು ಒಬ್ಬರನ್ನು ಹುಡುಕುತ್ತೇವೆ. ಬೇರೆಯವರು ಸಿಗದಿದ್ದರೆ ಸೋತವನನ್ನೇ ಹಿಡಿಯುತ್ತೇವೆ: ಇವನಲ್ಲೇ ಏನೋ ಕೊರತೆಯಿತ್ತು ಎನ್ನುತ್ತೇವೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಮಾಧಾನ ಎಂದರೆ, "ಒಂದು ದಿನ ಮೋಸ ಹೋದರೂ ವರ್ಷ ಮೋಸ ಮಾಡುವುದಿಲ್ಲ." ಆಟವನ್ನು ಏಳು ಸುತ್ತು ಮಾಡಿರುವುದೂ ಅದಕ್ಕೇ ಇರಬೇಕು. 2017ರ ಋತು ಈ ಮಾತಿಗೆ ಸಾಕ್ಷಿ ಹೇಳುವಂತೆಯೇ ಕಾಣುತ್ತದೆ. ಗ್ವಿನ್ ಲಿಯೋಗಾಂಗಿನಲ್ಲಿ ಗೆದ್ದರು. ಫೋರ್ಟ್ ವಿಲಿಯಂ ಮತ್ತು ಲೆಂಜರ್‌ಹೈಡೆಯನ್ನು ದಕ್ಷಿಣ ಆಫ್ರಿಕದ ಗ್ರೆಗ್ ಮಿನ್ನಾರ್ ಗೆದ್ದರು. ಆಮೇಲೆ ಮೋಂ-ಸೇಂತ್-ಆನ್, ಅಂದರೆ ಸಂತ ಅನ್ನಮ್ಮನವರ ಬೆಟ್ಟ. ಅದರ ಹತ್ತಿರದಲ್ಲೇ ಬೋಪ್ರೆಯ ಸಂತ ಅನ್ನಮ್ಮನವರ ಮಹಾದೇವಾಲಯವಿದೆ, ಅದೂ ಯಾತ್ರಾಸ್ಥಳ. (ಇದರಲ್ಲಿ ಯಾವ ಸಂಕೇತವನ್ನೂ ನಾವು ಹುಡುಕುತ್ತಿಲ್ಲ, ನಮ್ಮ ಅನ್ನಮ್ಮಜ್ಜಿಯರು ಹುಡುಕಿದರೆ ಬೇಡವೆನ್ನುವುದೂ ಇಲ್ಲ.) ಅಲ್ಲಿಯೂ ಕೊನೆಯ ಸವಾರರ ಪಾಳಿಗೆ ಮಳೆ ಬಂತು. ಗ್ವಿನ್ ಆ ಮಳೆಯಲ್ಲೇ ಇಳಿದು ಗೆದ್ದರು. ಕೊನೆಯ ಸುತ್ತು ವಾಲ್ ದಿ ಸೋಲೆ. ಅಲ್ಲಿಯವರೆಗೂ ಪಟ್ಟ ಯಾರದೆಂದು ತೀರ್ಮಾನವಾಗಿರಲಿಲ್ಲ. ಅದನ್ನೂ ಗೆದ್ದು, ಮಿನ್ನಾರ್ ಅವರನ್ನು ಎರಡನೆಯ ಸ್ಥಾನಕ್ಕೆ ಬಿಟ್ಟು, ಗ್ವಿನ್ ಐದನೆಯ ಸಲ ಋತುವಿನ ಚಾಂಪಿಯನ್ ಆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾವೂ ಕಾಫಿ ಮುಗಿಸಿ ಮನೆಗೆ ಹೋಗುತ್ತಿದ್ದೆವು. ಆದರೆ ನಮ್ಮಲ್ಲೇ ಒಬ್ಬರು ಕೇಳಿದರು: "ಹಾಗಾದರೆ ಕೆನಡಾದ ಮಳೆಯಲ್ಲಿ ಗೆಲ್ಲಬಲ್ಲವನು ಲೂರ್ದಿನ ಮಳೆಯಲ್ಲಿ ಯಾಕೆ ಗೆಲ್ಲಲಿಲ್ಲ? ನಿಜವಾದ ಗಟ್ಟಿಗನಾದರೆ ಅಲ್ಲಿಯೂ ಗೆಲ್ಲಬೇಕಿತ್ತು." ಈ ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಇದರೊಳಗೆ ಒಂದು ಕ್ರೌರ್ಯ ಅಡಗಿದೆ. ಒಬ್ಬನು ಒಂದು ಕಷ್ಟವನ್ನು ದಾಟಿದ ಎಂದರೆ, ದಾಟದೆ ಹೋದ ಇನ್ನೊಂದು ಕಷ್ಟಕ್ಕೆ ಅವನೇ ಹೊಣೆ ಎಂದಂತಾಯಿತು. ಬೆಟ್ಟ ಬೇರೆ, ಮಣ್ಣು ಬೇರೆ, ಮಳೆ ಬಿದ್ದ ಪ್ರಮಾಣ ಬೇರೆ. ಗೆದ್ದದ್ದು ಇನ್ನೊಂದು ಮಳೆಯನ್ನು.

ಗ್ವಿನ್ ಅವರ ಬದುಕಿನಲ್ಲೇ ಇನ್ನೊಂದು ಜೋಡಿ ಇದೆ. 2014ರಲ್ಲಿ ಲಿಯೋಗಾಂಗಿನಲ್ಲಿ ಅವರ ಹಿಂದಿನ ಟಯರ್ ಹೋಯಿತು, ಬರಿಯ ರಿಮ್ಮಿನ ಮೇಲೆ ಕೆಳಗಿನವರೆಗೂ ಬಂದರು, ಸೋತರು. ಮರುವರ್ಷ ಅದೇ ಬೆಟ್ಟದಲ್ಲಿ, ಹೊರಟ ಕೂಡಲೇ ಚೈನ್ ತುಂಡಾಯಿತು. ಪೆಡಲ್ ತುಳಿಯುವಂತಿಲ್ಲ. ಬರಿಯ ಇಳಿಜಾರನ್ನು ನಂಬಿ, ಎಲ್ಲಿಯೂ ವೇಗ ಕಳೆದುಕೊಳ್ಳದೆ ಇಳಿದು ಗೆದ್ದರು, ಅದೂ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಅಂತರದಲ್ಲಿ. ಟಯರಿನದು ದುರದೃಷ್ಟ, ಚೈನಿನದು ಪರಾಕ್ರಮ ಎಂದು ಜನ ಹೇಳುತ್ತಾರೆ. ನಮಗೆ ಅನಿಸುವುದು, ಎರಡು ದಿನವೂ ಆ ಮನುಷ್ಯ ಒಬ್ಬನೇ, ಎರಡು ದಿನವೂ ಬಿಟ್ಟುಕೊಡದೆ ಕೊನೆಯವರೆಗೆ ಬಂದ. ಚೈನಿಲ್ಲದೆ ಬೆಟ್ಟ ಇಳಿಯಬಹುದು, ಟಯರಿಲ್ಲದೆ ಇಳಿದು ಗೆಲ್ಲಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನ ಸ್ಟೀವ್ ಪೀಟ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ನಾಲ್ಕು ಸಲ ಬೆಳ್ಳಿ ಪದಕಕ್ಕೆ ನಿಂತು, 2009ರಲ್ಲಿ ಕ್ಯಾನ್‌ಬೆರಾದಲ್ಲಿ ಚಿನ್ನ ಗೆದ್ದರು. ಅಂತರ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಕಣ್ಣು ಮಿಟುಕಿಸಲೂ ಆಗುವುದಿಲ್ಲ. ಅದು ಆಚೆ ಕಡೆಗೆ ವಾಲಿದ್ದರೆ ಪೀಟ್ ಕಡಿಮೆ ಸವಾರರಾಗುತ್ತಿದ್ದರೇ?

ವರ್ಷ ಮೋಸ ಮಾಡುವುದಿಲ್ಲ ಎಂಬ ಮಾತಿಗೆ ಇನ್ನೂ ದೊಡ್ಡ ಅಡ್ಡಿ ರೇಚಲ್ ಆಥರ್ಟನ್. 2016ರಲ್ಲಿ ಅವರು ಏಳು ಸುತ್ತುಗಳನ್ನೂ ಗೆದ್ದರು, ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಅದಕ್ಕೆ ಮೊದಲು ಈ ಆಟದಲ್ಲಿ ಗಂಡಸಾಗಲಿ ಹೆಂಗಸಾಗಲಿ ಯಾರೂ ಹಾಗೆ ಮಾಡಿರಲಿಲ್ಲ. 2015ರಿಂದ ಎಣಿಸಿದರೆ 2017ರ ಲೂರ್ದು ಅವರ ಸತತ 14ನೆಯ ಗೆಲುವು. ಮುಂದಿನ ಸುತ್ತಿಗೆ ಫೋರ್ಟ್ ವಿಲಿಯಂಗೆ ಹೋದರು, ಅಭ್ಯಾಸದಲ್ಲಿ ಬಿದ್ದರು, ಭುಜದ ಕೀಲು ತಪ್ಪಿತು. ಅಂತಿಮ ಓಟಕ್ಕೆ ಇಳಿಯಲಾಗಲಿಲ್ಲ. ಆ ವರ್ಷದ ಪಟ್ಟ ಫ್ರಾನ್ಸಿನ ಮಿರಿಯಂ ನಿಕೋಲ್ ಅವರಿಗೆ ಹೋಯಿತು. ಒಂದು ಸುತ್ತಿನಲ್ಲಿ ಮಳೆ ಬಂದರೆ ಮುಂದಿನ ಸುತ್ತಿನಲ್ಲಿ ಬಿಸಿಲು ಬರಬಹುದು. ಭುಜಕ್ಕೆ ಹಾಗೆ ಏಳು ಸುತ್ತುಗಳಿಲ್ಲ. ಋತು ನ್ಯಾಯ ಕೊಡುವುದು ಮತ್ತೆ ಎದ್ದು ಸಾಲಿನಲ್ಲಿ ನಿಲ್ಲಬಲ್ಲವರಿಗೆ. ಬಿದ್ದದ್ದು ಅವರ ತಪ್ಪೋ ದುರದೃಷ್ಟವೋ ಎಂದು ಕೇಳಿದರೆ ನಮಗೆ ಬಿಡಿಸಲು ಬರುವುದಿಲ್ಲ. ಯಾವ ವೇಗ ಅವರನ್ನು 14 ಸಲ ಗೆಲ್ಲಿಸಿತೋ ಅದೇ ವೇಗ ಕೆಡವಿತು. ಅವರು 2018ರಲ್ಲಿ ಮರಳಿ ಬಂದು ಮತ್ತೆ ಚಾಂಪಿಯನ್ ಆದರು ಎಂಬುದು ಸಂತೋಷದ ವಿಷಯ. ಆದರೆ ಬಾರದೆ ಹೋಗಿದ್ದರೂ 2016 ಇದ್ದಂತೆಯೇ ಇರುತ್ತಿತ್ತು.

ಈಗ ಬೆಟ್ಟದ ಬುಡಕ್ಕೆ ಬರೋಣ. ಮೇಲೆ ಸೆಕೆಂಡಿನ ಭಾಗಗಳನ್ನು ಎಣಿಸುವ ಆ ಊರಿಗೇ ಪ್ರತಿ ವರ್ಷ ಲಕ್ಷಾಂತರ ರೋಗಿಗಳೂ ಯಾತ್ರಿಕರೂ ಬರುತ್ತಾರೆ. ಚಕ್ರಗಳು ಅಲ್ಲಿಯೂ ಇವೆ, ತಳ್ಳುಕುರ್ಚಿಯ ಚಕ್ರಗಳು. ಧರ್ಮಸಭೆ ವಿಚಾರಣೆ ಮಾಡಿ ಅದ್ಭುತವೆಂದು ಒಪ್ಪಿಕೊಂಡ ಗುಣಪಡುವಿಕೆಗಳು ಇಷ್ಟು ವರ್ಷಗಳಲ್ಲಿ ನೂರನ್ನೂ ಮುಟ್ಟಿಲ್ಲ. ಅಂದರೆ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದ ಕಾಯಿಲೆಯೊಂದಿಗೇ ಹಿಂದಿರುಗಿದರು. ಹಾಗೆ ಹಿಂದಿರುಗಿದವರನ್ನು, "ನಿನ್ನ ಪ್ರಾರ್ಥನೆಯಲ್ಲಿ ಏನು ಕಡಿಮೆಯಾಯಿತು?" ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಕೇಳಿದವರನ್ನು ನಾವೇ ಗದರಿಸುತ್ತೇವೆ. ಗುಣವಾದವರ ಸಂತೋಷವನ್ನು ಕಡಿಮೆ ಮಾಡುವುದೂ ಇಲ್ಲ, ಗುಣವಾಗದವರ ಮೇಲೆ ತೀರ್ಪು ಕೊಡುವುದೂ ಇಲ್ಲ. ಅಲ್ಲಿ ನಮಗೆ ಇಷ್ಟು ಸುಲಭವಾಗಿ ಬರುವ ಈ ಮರ್ಯಾದೆ ನಮ್ಮ ಊರಿನಲ್ಲಿ, ನಮ್ಮ ಅಂಗಳದಲ್ಲಿ ಎಲ್ಲಿಗೆ ಹೋಗುತ್ತದೆ?

ಯಾಕೆ ಕೇಳುತ್ತಿದ್ದೇವೆ ಎಂದರೆ, ಮೊಬೈಲ್ ತೋರಿಸಿದ ಆ ಹುಡುಗ. ಮೂರು ವರ್ಷದ ಹಿಂದೆ ಅವನು ಹತ್ತನೇ ತರಗತಿ. ವರ್ಷವಿಡೀ ತರಗತಿಗೆ ಮೊದಲಿಗ. ಗಣಿತ ಪರೀಕ್ಷೆಯ ದಿನ ಜ್ವರ, ಮೈ ಕೆಂಡ, ಆದರೂ ಹೋಗಿ ಬರೆದ. ಬಂದ ಅಂಕ ಅವನದಾಗಿರಲಿಲ್ಲ. ಪ್ರತಿ ವರ್ಷ ಫಲಿತಾಂಶದ ನಂತರದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹೆಚ್ಚು ಅಂಕ ತೆಗೆದ ಮಕ್ಕಳ ಹೆಸರು ಓದಿ ಬಹುಮಾನ ಕೊಡುವುದು ನಮ್ಮಲ್ಲಿ ರೂಢಿ. ಓದುವವರು ನಾವು, ಧರ್ಮೋಪದೇಶದ ಶಿಕ್ಷಕರು. ಅವನ ಹೆಸರು ಇರಲಿಲ್ಲ. ಅದು ಸರಿಯೇ, ನಿಯಮದ ಪ್ರಕಾರ ಇರುವಂತಿರಲಿಲ್ಲ. ಆದರೆ ಅವನ ತಾಯಿ ಹೊರಗೆ ನಿಂತು, "ಜ್ವರ ಇತ್ತು, ಟೀಚರ್" ಎಂದಾಗ, "ಅಂಕ ಸುಳ್ಳು ಹೇಳಲ್ಲಮ್ಮ" ಎಂದುಬಿಟ್ಟೆವು. ನಮ್ಮಲ್ಲಿ ಒಬ್ಬರು ಹೇಳಿದ್ದು, ಉಳಿದವರು ತಲೆಯಾಡಿಸಿದ್ದು. ಆಯಮ್ಮ ಮತ್ತೇನೂ ಹೇಳದೆ ಮಗನ ಕೈ ಹಿಡಿದುಕೊಂಡು ಇಳಿದು ಹೋದರು.

ಮೊನ್ನೆ ಅವನು ಮೊಬೈಲ್ ತೋರಿಸಿದ್ದು ಯಾವ ಕುಹಕದಿಂದಲೂ ಅಲ್ಲ. ಅವನಿಗೆ ಸೈಕಲ್ ಹುಚ್ಚು, ಅಷ್ಟೇ. ನಮಗೇ ಲೋಟ ಕೈಯಲ್ಲಿ ತಣ್ಣಗಾಯಿತು.

ಆಮೇಲೆ ನಮ್ಮೊಳಗೆ ಚರ್ಚೆಯಾಯಿತು. ಹೆಸರು ಓದುವುದನ್ನೇ ನಿಲ್ಲಿಸೋಣ ಎಂದರು ಕೆಲವರು. ಕಷ್ಟಪಟ್ಟು ಓದಿದ ಮಗುವಿನ ಹೆಸರು ಓದದೆ ಇರುವುದು ಫಾಯೋಲ್ ಕೊರಳಿನ ಪದಕ ಕಿತ್ತಂತೆ ಎಂದರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಹುರುಳಿದೆ. ಕೊನೆಗೆ ಪಟ್ಟಿ ಇರಲಿ ಎಂದಾಯಿತು. ಪಟ್ಟಿ ಓದಿದ ಮೇಲೆ ಇಲ್ಲದವರ ಬಗ್ಗೆ ಒಂದು ಮಾತೂ ಆಡಬಾರದು ಎಂದೂ ಆಯಿತು. ಆ ತಾಯಿಯ ಬಳಿಗೆ ಯಾರು ಹೋಗಿ ಮಾತಾಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅವರು ಕನ್ನಡ ಪೂಜೆಗೆ ಬಂದು ಎಡಗಡೆ ಮೂರನೆಯ ಬೆಂಚಿನಲ್ಲಿ ಕೂರುತ್ತಾರೆ, ಪೂಜೆ ಮುಗಿದ ಕೂಡಲೇ ಹೊರಟುಬಿಡುತ್ತಾರೆ. ತಲೆಯಾಡಿಸಿದವರು ನಾವೆಲ್ಲರೂ ಆದ್ದರಿಂದ ಎಲ್ಲರೂ ಒಟ್ಟಿಗೇ ಹೋಗಬೇಕೆಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದಾರೆ. ಈ ವರ್ಷದ ಫಲಿತಾಂಶ ಮೇ ತಿಂಗಳಲ್ಲಿ ಬರುತ್ತದೆ. ಅದಕ್ಕೆ ಮೊದಲೇ ಹೋಗಬೇಕು.