ಯಾವ ಪಿರಿಯಡ್ಡಿನ ತಂಟೆ?

ಮಕ್ಕಳ ನಡತೆಯ ಬಗ್ಗೆ ನಮ್ಮ ಶಾಲೆಗಳು ಹಿಂದೆ ಬರೆದಿಡುತ್ತಿದ್ದದ್ದು ಬಹಳ ಕಡಿಮೆ. ಶಾಲೆ ಬಿಡುವಾಗ ಕೊಡುವ ಪತ್ರದಲ್ಲಿ 'ನಡತೆ' ಎಂಬ ಒಂದು ಕಾಲಂ, ಅದರ ಮುಂದೆ 'ಉತ್ತಮ' ಎಂಬ ಒಂದೇ ಮಾತು. ವರ್ಷವಿಡೀ ಕ್ಲಾಸು ಅಲ್ಲಾಡಿಸಿದವನಿಗೂ ಅದೇ ಮಾತು. ಮಾಸ್ತರರಿಗೆ ಹುಡುಗ ಎಂಥವನೆಂದು ಗೊತ್ತಿರಲಿಲ್ಲವೆಂದಲ್ಲ. ಅವನ ಮುಂದಿನ ದಾರಿಗೆ ತಮ್ಮ ಕೈಬರಹ ಅಡ್ಡ ನಿಲ್ಲಬಾರದೆಂಬ ಕರುಣೆ ಅದು.

ಈಗ ಶಾಲೆ ನಡೆಸುವ ಸಾಫ್ಟ್‌ವೇರ್ ಬಂದಿದೆ. ಶಿಕ್ಷಕರು ಮೊಬೈಲಿನಲ್ಲಿ ವಿಷಯ, ತಾರೀಖು, ಹೆಸರು ಆರಿಸಿ, 'ಗಮನವಿಲ್ಲ', 'ಮಾತಾಡುತ್ತಾನೆ', 'ಹೋಮ್‌ವರ್ಕ್ ಇಲ್ಲ' ಎಂಬ ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಮುಗಿಯಿತು. ತಿಂಗಳ ಕೊನೆಗೆ ವಿಷಯವಾರು ವರದಿ ಸಿದ್ಧ.

ವಿಷಯವಾರು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. 'ಇವ ತಂಟೆಕೋರ' ಎನ್ನುವುದಕ್ಕೂ 'ಗಣಿತದ ಪಿರಿಯಡ್ಡಿನಲ್ಲಿ ಇವ ತಂಟೆ ಮಾಡುತ್ತಾನೆ' ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ತೀರ್ಪು. ಎರಡನೆಯದು ಪ್ರಶ್ನೆ, ಅದರ ಅರ್ಧ ಪಾಲು ಕಲಿಸುವವರ ಕಡೆಗೇ ತಿರುಗುತ್ತದೆ. ಬನಹಟ್ಟಿಯ ನೇಕಾರ ಓಣಿಯ ಒಬ್ಬ ಹುಡುಗನನ್ನು ಎಣಿಸಿಕೊಳ್ಳಿ. ಮನೆಯೊಳಗೇ ಪಾವರ್‌ಲೂಮ್, ಕರೆಂಟು ಬಂದಾಗ ಮಗ್ಗ ಓಡಲೇಬೇಕು, ಆ ಸಪ್ಪಳದಲ್ಲೇ ನಿದ್ದೆ. ಬೆಳಿಗ್ಗೆ ಗಣಿತದಲ್ಲಿ ತೂಕಡಿಸುತ್ತಾನೆ, ಮಧ್ಯಾಹ್ನ ಬಿಸಿಯೂಟವಾದ ಮೇಲೆ ಕನ್ನಡದಲ್ಲಿ ಚುರುಕಾಗಿ ಕೈ ಎತ್ತುತ್ತಾನೆ. ಮುಧೋಳ, ಜಮಖಂಡಿಯ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗಿದ ಮೇಲೆ ಗದ್ದೆಗೆ ನಡೆದ ಹುಡುಗಿ ವಾರಗಟ್ಟಲೆ ವಿಜ್ಞಾನದ ಪಾಠ ತಪ್ಪಿಸಿಕೊಂಡು ಬಂದು ಕೂತರೆ, ತಿಳಿಯದ ಪಾಠದ ಎದುರು ಪಕ್ಕದವಳ ಜೊತೆ ಮಾತಿಗಿಳಿಯದೆ ಇನ್ನೇನು ಮಾಡಿಯಾಳು? ಗಣಿತದ ಸರ್, ವಿಜ್ಞಾನದ ಅಕ್ಕೋರು, ಕನ್ನಡದ ಅಕ್ಕೋರು ಮೂವರೂ ಆ ವರದಿ ಎದುರಿಗಿಟ್ಟುಕೊಂಡು ಅರ್ಧ ತಾಸು ಕೂತರೆ ಇದೆಲ್ಲ ಕಾಣುತ್ತದೆ. ಹಾಗೆ ಕೂರುವುದೇ ಕಡಿಮೆ. ಬಟನ್ ಒತ್ತಿದೊಡನೆ ಕರ್ತವ್ಯ ಮುಗಿದಂತಾಗುತ್ತದೆ.

ನನ್ನನ್ನು ಕಾಡುವುದು ಎರಡು ಸಂಗತಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಬೆತ್ತ ಕೆಳಗಿಟ್ಟೆವು. ಆದರೆ ಸಂಜೆ 'ನಿಮ್ಮ ಮಗನ ವರ್ತನೆ ಸರಿಯಿಲ್ಲ' ಎಂಬ ಸಂದೇಶ ದಣಿದು ಬಂದ ಅಪ್ಪನ ಫೋನಿಗೆ ಹೋದರೆ, ಬೀಳಗಿಯ ಯಾವುದೋ ಹಳ್ಳಿಯ ಪಡಸಾಲೆಯಲ್ಲಿ ಅದೇ ಏಟು ಬೀಳುತ್ತದೆ. ಆ ಏಟಿಗೆ ಸಂದೇಶ ಕಳಿಸಿದವರೂ ಹೊಣೆಗಾರರು.

ಇನ್ನೊಂದು, ಮರೆವು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಾಸ್ತರರು ಅರ್ಧ ಮರೆಯುತ್ತಿದ್ದರು, ಹುಡುಗ ಅರ್ಧ ಬದಲಾಗುತ್ತಿದ್ದ. ಸಾಫ್ಟ್‌ವೇರಿಗೆ ಮರೆವಿಲ್ಲ. ಐದನೆಯ ತರಗತಿಯ ಸಿಟ್ಟು ಎಂಟನೆಯ ತರಗತಿಯಲ್ಲೂ ಹಸಿಯಾಗಿಯೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಕರೆದು, ಅವರ ವರ್ತನೆಯ ಬೆನ್ನುಹತ್ತುವುದನ್ನು ತಡೆಯಲು ಹೊರಟಿದೆ. ಶಾಲೆಗಳಿಗೆ ಅದರಲ್ಲಿ ವಿನಾಯಿತಿಗೆ ದಾರಿಯಿದೆ. ಮಗುವಿಗೆ ಕಲಿಸಲು, ಅದನ್ನು ಕಾಪಾಡಲು ಆ ದಾರಿ ಬೇಕು, ನಿಜ. ಹಣೆಪಟ್ಟಿ ಹಚ್ಚಲು ಅದು ಬಳಕೆಯಾಗಕೂಡದು.

ಆದ್ದರಿಂದ ಬರೆಯುವವರು ನಡೆದದ್ದನ್ನು ಬರೆಯಲಿ, ಸ್ವಭಾವವನ್ನಲ್ಲ. 'ಭಿನ್ನರಾಶಿ ಲೆಕ್ಕದ ಹೊತ್ತಿಗೆ ಎರಡು ಸಲ ಎದ್ದು ಹೋದ' ಎಂದರೆ ಸಾಕು. ಅದರ ಕೆಳಗೆ ತಾವೇನು ಮಾಡಿದೆವೆಂಬ ಒಂದು ಸಾಲೂ ಇರಲಿ. ಆ ಸಾಲು ಖಾಲಿಯಿದ್ದರೆ ಮನೆಗೆ ಸಂದೇಶ ಹೋಗುವುದು ಬೇಡ. ಮನೆಯವರಿಗೆ ತಿಳಿಸಲೇಬೇಕಾದರೆ ಸಂದೇಶದ ಬದಲು ಅಪ್ಪ-ಅವ್ವನನ್ನು ಕರೆದು ಕೂರಿಸಿ ಮಾತಾಡಲಿ. ಮೇ ಕೊನೆಗೆ ಶಾಲೆ ತೆರೆದಾಗ ಅಂಕ, ಹಾಜರಿ ಹೊಸ ತರಗತಿಗೆ ಹೋಗಲಿ. ನಡತೆಯ ನಮೂದುಗಳನ್ನು ಮುಖ್ಯ ಗುರುಗಳು ಅದಕ್ಕೂ ಮೊದಲೇ ಅಳಿಸಿರಲಿ.