ಕಾಣದ ದೋಷ ಇಲ್ಲವೆಂದೇ?

ಘಾಟಿ ಏರುವಾಗ ಮಿಸ್ಸಿಂಗ್ ಹೊಡೆಯುವ ಡೀಸೆಲ್ ಲಾರಿ ಗ್ಯಾರೇಜಿಗೆ ಬಂದೊಡನೆ ಸರಾಗವಾಗಿ ಓಡುತ್ತದೆ. ಹಾಗಾದರೆ ದೋಷವೇ ಇಲ್ಲವೇ? ಕಾಣದಿರುವುದನ್ನೂ, ಅಂದರೆ ಅನುಪಲಬ್ಧಿಯನ್ನೂ, ಕುಮಾರಿಲ ಭಟ್ಟನ ಮೀಮಾಂಸೆ ಪ್ರಮಾಣವೆಂದು ಒಪ್ಪುತ್ತದೆ. ಆದರೆ ಇದ್ದಿದ್ದರೆ ಕಾಣಲೇಬೇಕಿದ್ದ ಸನ್ನಿವೇಶದಲ್ಲಿ ಮಾತ್ರ. ಈ ಷರತ್ತೇ ಇಲ್ಲಿ ಮುಖ್ಯ. ಅರ್ಧ ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಐಡ್ಲಿಂಗಿಗೆ ಸಾಕಾಗುವಷ್ಟು ಎಣ್ಣೆ ಬಿಟ್ಟೀತು. ತುಂಬು ಲೋಡಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಷ್ಟೇ ಎಣ್ಣೆ ಸಾಲದೆ ಇಂಜಿನ್ ಮುಗ್ಗರಿಸುತ್ತದೆ. ನಿಂತ ಲಾರಿಯನ್ನು ನೋಡಿ ಚಾಲಕನ ದೂರು ಸುಳ್ಳೆನ್ನುವ ಹಕ್ಕು ಯಾರಿಗೂ ಬರುವುದಿಲ್ಲ.

ಫಿಲ್ಟರ್ ಬದಲಿಸಿದ ಮೇಲೆ ಲಾರಿ ಸರಿಹೋಯಿತೆನ್ನಿ. ಅದು ಕಾಕತಾಳೀಯವಿರಬಹುದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬದಲಿಸುವಾಗ ಪೈಪಿನ ಸಡಿಲ ಜಾಯಿಂಟ್ ಬಿಗಿಯಾಗಿ, ಗಾಳಿ ಸೇರುವುದು ನಿಂತಿರಲೂಬಹುದು. ಅದಕ್ಕೇ ಹಳೆಯ ಫಿಲ್ಟರನ್ನೇ ಮರಳಿ ಹಾಕಿ, ಅದೇ ಲೋಡಿನಲ್ಲಿ ಅದೇ ಏರು ಹತ್ತಿಸಬೇಕು. ಮತ್ತೆ ಮುಗ್ಗರಿಸಿದರೆ ಅನ್ವಯ (ಕಾರಣವಿದ್ದಾಗ ಕಾರ್ಯವಿರುವುದು), ವ್ಯತಿರೇಕ (ಕಾರಣವಿಲ್ಲದಾಗ ಕಾರ್ಯವಿಲ್ಲದಿರುವುದು) ಎರಡೂ ಸಿಕ್ಕಂತೆ.