ದೀಪ ತೋರಿಸಿದ ಹಾವು

ಹಗ್ಗವನ್ನು ಹಾವೆಂದು ಬಗೆದು ಬೆದರಿದವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಹು ಪ್ರಿಯವಾದುದು. ಅಲ್ಲಿ ಪರಿಹಾರ ಸುಲಭ. ದೀಪವೊಂದನ್ನು ತಂದರಾಯಿತು, ಹಾವು ಮಾಯವಾಗಿ ಹಗ್ಗ ಉಳಿಯುತ್ತದೆ. ಆದರೆ ದೀಪವೇ ಹಾವನ್ನು ತೋರಿಸಿದರೆ ಗತಿಯೇನು?

ಇದು ಬರಿಯ ತರ್ಕದ ಕಸರತ್ತಲ್ಲ. ತುರುವನೂರಿನಲ್ಲಿ ಈರುಳ್ಳಿ ಬೆಳೆಯುವ ನನ್ನ ಬಂಧುವೊಬ್ಬರು ಲಿಂಫೋಮ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಿಂದ ಗುಣಹೊಂದಿ ಎರಡು ವರ್ಷಗಳಾಗಿದ್ದವು. ಮೈಯಲ್ಲಿ ಯಾವ ಬಾಧೆಯೂ ಇರಲಿಲ್ಲ. ವಾಡಿಕೆಯಂತೆ ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನು ಮಾಡಿಸಿದಾಗ ಎದೆಯೊಳಗಿನ ಒಂದು ಗ್ರಂಥಿ ಬೆಳಗಿತು. ಮತ್ತೆ ಚಿಕಿತ್ಸೆಯ ಖರ್ಚೆಂದು ಮನೆಯವರು ಅವಸರದಲ್ಲಿ ಎರಡೆಕರೆ ಹೊಲವನ್ನು ಮಾರಿದರು. ಗ್ರಂಥಿಯ ಚೂರೊಂದನ್ನು ತೆಗೆದು ಪರೀಕ್ಷಿಸಿದಾಗ ಕಂಡದ್ದು ಬರಿಯ ಉರಿಯೂತ. ಹೊಲ ಹೋಯಿತು, ರೋಗ ಬರಲೇ ಇಲ್ಲ.

ಯಂತ್ರ ಸುಳ್ಳು ಹೇಳಿತೆನ್ನೋಣವೆ? ಇಲ್ಲ. ಫ್ಲೋರಿನ್-18 ಬೆರೆಸಿದ ಸಕ್ಕರೆಯಂಥ ವಸ್ತುವೊಂದನ್ನು ರಕ್ತಕ್ಕೆ ಸೇರಿಸುತ್ತಾರೆ. ಸಕ್ಕರೆಯನ್ನು ಆತುರದಿಂದ ಉಣ್ಣುವ ಜೀವಕೋಶಗಳು ಚಿತ್ರದಲ್ಲಿ ಹೊಳೆಯುತ್ತವೆ. ಕ್ಯಾನ್ಸರಿನ ಕೋಶ ಹಾಗೆ ಉಣ್ಣುವುದು ನಿಜ. ಸೋಂಕಿನೊಡನೆ ಹೋರಾಡುವ ನಮ್ಮ ಕಾವಲಿನ ಕೋಶಗಳೂ ಹಾಗೆಯೇ ಉಣ್ಣುತ್ತವೆ. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಂತೂ ಇದನ್ನು ಮರೆಯುವಂತಿಲ್ಲ. ಸಕ್ಕರೆ ಎಲ್ಲಿ ಖರ್ಚಾಗುತ್ತಿದೆ ಎಂಬುದಕ್ಕೆ ಯಂತ್ರ ಉತ್ತರ ಕೊಟ್ಟಿತು. ನಾವು ಕೇಳಿದ ಪ್ರಶ್ನೆಯೇ ಬೇರೆ.

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ಗುಣಹೊಂದಿ ಸುಖವಾಗಿರುವ 100 ಜನರಲ್ಲಿ 5 ಜನರಿಗೆ ರೋಗ ಮರಳಿದೆ. ಯಂತ್ರ ಅವರೆಲ್ಲರನ್ನೂ ಹಿಡಿಯುತ್ತದೆ. ಉಳಿದ 95 ಜನರಲ್ಲಿ 10 ಜನರ ಮೇಲೆ ತಪ್ಪಾಗಿ ಬೊಟ್ಟುಮಾಡುತ್ತದೆ. ಆಗ ಗುರುತು ಬಿದ್ದ 15 ಜನರಲ್ಲಿ 10 ಮಂದಿ ನಿರ್ದೋಷಿಗಳು! ಲುಗಾನೊ ಊರಿನ ಹೆಸರಿನಲ್ಲಿ 2014ರಲ್ಲಿ ಪ್ರಕಟವಾದ ತಜ್ಞರ ಶಿಫಾರಸುಗಳು ಇಂಥ ಸುಳ್ಳು ಗುರುತು ನೂರಕ್ಕೆ 20ಕ್ಕೂ ಹೆಚ್ಚೆಂದು ಎಚ್ಚರಿಸಿ, ಹಾಡ್ಜ್‌ಕಿನ್ ಮೊದಲಾದ ಬಗೆಗಳಲ್ಲಿ ರೋಗ ಪೂರ್ತಿ ಶಮನವಾದ ಮೇಲೆ ವಾಡಿಕೆಯ ಸ್ಕ್ಯಾನು ಬೇಡವೆಂದಿವೆ.

ಇದು ಕಣ್ಣು ಮುಚ್ಚಿಕೊಂಡಂತಾಗದೆ ಎಂದು ಓದುಗರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ವೈದ್ಯರು ಕರೆದಾಗಲೆಲ್ಲ ಹೋಗಿ ಮೈ ತೋರಿಸುವುದು, ಜ್ವರವೋ ಗಂಟೋ ಬಂದರೆ ಕೂಡಲೇ ಹೇಳುವುದು, ಕಾರಣವಿದ್ದಾಗ ಸ್ಕ್ಯಾನು ಮಾಡಿಸುವುದು, ಇವು ಕಣ್ಣು ತೆರೆದಿರುವವರ ಲಕ್ಷಣಗಳೇ. ಕಾರಣವಿಲ್ಲದೆ ಹುಡುಕುವುದು ಬೇರೆ.

ನೋಡುವುದರಿಂದ ಯಾರಿಗೇನು ನಷ್ಟ ಎಂದು ನಾವು ತಿಳಿದಿದ್ದೇವೆ. ನನಗೆ ಹಾಗೆನ್ನಿಸುವುದಿಲ್ಲ. ನೋಡುವುದೂ ಒಂದು ಕರ್ಮ. ಅದಕ್ಕೂ ಫಲವುಂಟು, ಮತ್ತು ಆ ಫಲವನ್ನು ಉಣ್ಣುವವನು ನೋಡಿದವನಲ್ಲ, ನೋಡಿಸಿಕೊಂಡವನು. ಆದುದರಿಂದ ನೋಡುವ ಮುನ್ನ, ಏನಾದರೂ ಕಂಡರೆ ಮುಂದೇನು ಮಾಡುತ್ತೇವೆ ಎಂದು ವೈದ್ಯರೂ ರೋಗಿಯೂ ಕೂಡಿ ಯೋಚಿಸಬೇಕು. ಕಂಡ ಮೇಲೆ, ಅದು ಶಂಕೆಯೇ ಹೊರತು ತೀರ್ಪಲ್ಲವೆಂದು ರೋಗಿಗೆ ಬಿಡಿಸಿ ಹೇಳಬೇಕು. ಅಂಗಾಂಶದ ಪರೀಕ್ಷೆ ಮುಗಿಯುವ ತನಕ ಹೊಲಮನೆಗಳ ಮಾತನ್ನು ತಡೆಹಿಡಿಯುವ ತಾಳ್ಮೆ ಮನೆಯವರಿಗಿರಬೇಕು. ರೋಗಿಯ ಪ್ರಾಣವನ್ನು ಉಳಿಸಿದವರು ಅವನ ನೆಮ್ಮದಿಯನ್ನೂ ಉಳಿಸಿಕೊಡುವುದು ನ್ಯಾಯ.